ಮಸ್ಕಿಯಲ್ಲಿ ತೆರೆಯದ ಕಿಟಕಿ

ಅವರ ಮೇಲೆ ಸೇಡು ತೀರಿಸಿಕೊಳ್ಳಲು ನಾನು ಎರಡು ವರ್ಷ ಏಳು ತಿಂಗಳು ಕಾದೆ. ಈಗ ಅವರಿಲ್ಲ. ಹೋದ ತಿಂಗಳು ಸಿಂಧನೂರಿನಲ್ಲಿ ತೀರಿಕೊಂಡರು. ಕಚೇರಿಯವರೆಲ್ಲ ಫೋನಿನ ಗುಂಪಿನಲ್ಲಿ ಅವರ ಫೋಟೋ ಹಾಕಿ ಕೈಮುಗಿದರು, ಅಂಥ ಗುರು ಇನ್ನು ಸಿಗುವುದಿಲ್ಲ ಎಂದು ಬರೆದರು. ಅದು ಸುಳ್ಳಲ್ಲ. ನನಗೆ ಬರುವ ವಿದ್ಯೆಯಲ್ಲಿ ಮುಕ್ಕಾಲು ಪಾಲು ಅವರದೇ. ಆದರೂ ಅವತ್ತು ನಾನು ಒಂದಕ್ಷರ ಬರೆಯಲಿಲ್ಲ. ಬರೆದರೆ ಎಲ್ಲವನ್ನೂ ಬರೆಯಬೇಕಿತ್ತು. ಈಗ ಹೆಸರು ಹೇಳದೆ ಬರೆಯುತ್ತಿದ್ದೇನೆ. ಗೊತ್ತಿದ್ದವರಿಗೆ ಗೊತ್ತಾಗುತ್ತದೆ.

ನಮ್ಮದು ಜಮೀನಿನ ನಕಾಶೆ ಮಾಡುವ ಒಂದು ಖಾಸಗಿ ಕಂಪನಿ. ಹೊಸ ಉಪಕಾಲುವೆ ಎಲ್ಲೆಲ್ಲಿ ಹಾದುಹೋಗುತ್ತದೆ, ಯಾರ ಹೊಲದಲ್ಲಿ ಎಷ್ಟು ಹೋಗುತ್ತದೆ ಎಂದು ಅಳೆದು ಕೊಡುವ ಗುತ್ತಿಗೆ. ನಕಾಶೆಯ ಪ್ರೋಗ್ರಾಂ ಬಹಳ ಹಳೆಯದು, ಯುನಿಕ್ಸ್ ಎಂಬ ಬಗೆಯ ಕಂಪ್ಯೂಟರ್ ಯಂತ್ರದ ಮೇಲೆ ಮಾತ್ರ ಓಡುವಂಥದು. ಆ ದೊಡ್ಡ ಯಂತ್ರ ಇದ್ದದ್ದು ಸಿಂಧನೂರಿನಲ್ಲಿ. ಲಿಂಗಸುಗೂರಿನಲ್ಲಿ, ಮಸ್ಕಿಯಲ್ಲಿ ನಮ್ಮ ಮುಂದೆ ಸಣ್ಣ ಯಂತ್ರಗಳು. ಪ್ರೋಗ್ರಾಂ ಸಿಂಧನೂರಿನಲ್ಲಿ ಓಡುತ್ತದೆ. ಅದರ ಕಿಟಕಿ ಮಾತ್ರ ನೆಟ್‌ವರ್ಕಿನ ಮೇಲೆ ಬಂದು ನಮ್ಮ ಪರದೆಯಲ್ಲಿ ತೆರೆದುಕೊಳ್ಳುತ್ತದೆ. ತೆರೆಯದಿದ್ದರೆ, ಡಿಸ್‌ಪ್ಲೇ ತೆರೆಯಲು ಆಗುತ್ತಿಲ್ಲ ಎಂಬ ಒಂದು ಸಾಲು ಇಂಗ್ಲಿಷಿನಲ್ಲಿ ಬಂದು ನಿಲ್ಲುತ್ತದೆ. ಅದರ ಹಿಂದೆ ಇಪ್ಪತ್ತು ಕಾರಣ ಇರಬಹುದು. ಆ ಇಪ್ಪತ್ತನ್ನೂ ಬಲ್ಲವರು ನಮ್ಮ ಮೂರು ಕಚೇರಿಗಳಲ್ಲಿ ಅವರೊಬ್ಬರೇ.

ಎತ್ತರದ ಆಳು. ಹಣೆಗೆ ವಿಭೂತಿ, ತುಂಬುತೋಳಿನ ಬಿಳಿ ಅಂಗಿ. ಕಾಲರಿನ ಒಳಗೆ ಮಡಚಿದ ಕರವಸ್ತ್ರ. ಯಾರಾದರೂ ತೊಂದರೆ ಹೇಳಲು ಬಂದರೆ ಕನ್ನಡಕ ತೆಗೆದು ಕೀಬೋರ್ಡಿನ ಮೇಲೆ ಇಟ್ಟು ಕಣ್ಣು ಮುಚ್ಚುತ್ತಿದ್ದರು. ಪರದೆಯನ್ನು ಅವರು ನೋಡುತ್ತಿರಲಿಲ್ಲ, ಕೇಳುತ್ತಿದ್ದರು. “ಏನೋ ಬರಾಕತ್ತೈತ್ರಿ” ಎಂದು ಯಾರಾದರೂ ಅಂದರೆ ಅಲ್ಲಿಗೆ ಮಾತು ಮುಗಿಯಿತು. ಏನು ಬಂದಿದೆಯೋ ಅದನ್ನು ಅಕ್ಷರ ಬಿಡದೆ ಓದಬೇಕು, ಚುಕ್ಕೆ ಇದ್ದರೆ ಚುಕ್ಕೆ ಎನ್ನಬೇಕು. ನಾನು ಕೆಲಸಕ್ಕೆ ಸೇರಿದ ಮೊದಲ ವಾರ ಹೇಳಿದ್ದು ಒಂದೇ ಮಾತು: ಒಂದು ನೋಟ್‌ಬುಕ್ ಇಡು, ಯಂತ್ರ ಏನು ಹೇಳಿತೋ ಅದನ್ನ ಬರಿ, ನಿನಗ ಏನು ಅನಿಸಿತು ಅನ್ನೂದು ಬರೀಬ್ಯಾಡ. ನಾನು ಹಾಗೆಯೇ ಮಾಡಿದೆ. ಮುಂದೆ ಆ ಅಭ್ಯಾಸವೇ ಅವರಿಗೆ ಮುಳುವಾಯಿತು.

ಕಿಟಕಿ ತೆರೆಯದಿದ್ದರೆ ಅವರು ಕೇಳುವುದು ಮೂರೇ ಪ್ರಶ್ನೆ. ಕಿಟಕಿ ಎಲ್ಲಿ ಹುಟ್ಟೈತಿ? ಎಲ್ಲಿ ತೆರೀಬೇಕು? ನಡುವ ಯಾರು ಅದಾರ? ಈ ಮೂರಕ್ಕೆ ಉತ್ತರ ಹೇಳುವಷ್ಟರಲ್ಲಿ ಅರ್ಧ ಗಂಟು ಬಿಚ್ಚಿಕೊಳ್ಳುತ್ತಿತ್ತು. ಒಮ್ಮೆ ನಾನು ಮಸ್ಕಿಯಲ್ಲಿ ಪ್ರೋಗ್ರಾಂ ಶುರು ಮಾಡಿದರೆ ಪರದೆ ಖಾಲಿ, ದೋಷದ ಸಾಲೂ ಇಲ್ಲ. ಅದೇ ಹೊತ್ತಿಗೆ ಲಿಂಗಸುಗೂರಿನ ಗುಮಾಸ್ತರು ಸಿಂಧನೂರಿಗೆ ಫೋನ್ ಮಾಡಿ, ತಾವು ಮುಟ್ಟದೆಯೇ ತಮ್ಮ ಪರದೆಯಲ್ಲಿ ಮಸ್ಕಿಯ ಹೊಲಗಳು ತೆರೆದುಕೊಂಡಿವೆ ಎಂದು ಗಾಬರಿಯಿಂದ ಹೇಳಿದರಂತೆ. ನಾನು ಫೋನ್ ಮಾಡಿದಾಗ ನಮ್ಮ ಗುರುಗಳು ಏನನ್ನೂ ನೋಡದೆಯೇ ಹೇಳಿದರು: ಕಿಟಕಿ ಯಾವ ಯಂತ್ರದಲ್ಲಿ ತೆರೆಯಬೇಕು ಎಂದು ಹೇಳುವ ಸಾಲಿನಲ್ಲಿ ನಾನು ನನ್ನ ಯಂತ್ರದ ಬದಲು ಲಿಂಗಸುಗೂರಿನ ಹೆಸರು ಬರೆದಿದ್ದೇನೆ. ನೋಡಿದರೆ ಹೌದು. ಆ ಗುಮಾಸ್ತರ ಯಂತ್ರ ಯಾರಿಗೆ ಬೇಕಾದರೂ ಬಾಗಿಲು ತೆರೆದು ಕುಳಿತಿತ್ತು, ಅದಕ್ಕೇ ನನ್ನ ನಕಾಶೆ ಅಲ್ಲಿ ಹೋಗಿ ನುಗ್ಗಿತ್ತು.

ಹೀಗೆ ಬಾಗಿಲು ತೆರೆದಿಡುವ ಒಂದು ಆಜ್ಞೆ ಇದೆ. ಅದನ್ನು ಕೊಟ್ಟರೆ ಯಾವ ಊರಿನಿಂದ ಯಾರಾದರೂ ನಿಮ್ಮ ಪರದೆಯ ಮೇಲೆ ಕಿಟಕಿ ತೆರೆಯಬಹುದು, ನೀವು ಒತ್ತುವ ಕೀಲಿಗಳನ್ನೂ ಕದ್ದು ನೋಡಬಹುದು. ಸೋಮಾರಿಗಳ ಮದ್ದು ಅದು. ಸೇರಿದ ಹೊಸದರಲ್ಲಿ ನಾನೂ ಒಮ್ಮೆ ಅದನ್ನು ಕೊಟ್ಟಿದ್ದೆ. ಅವರು ಎಲ್ಲರೆದುರು ಬೈದರು. ಆಮೇಲೆ ತಾವೇ ಮಸ್ಕಿಗೆ ಬಂದು, ಗುಟ್ಟಾದ ದಾರಿಯಲ್ಲಿ ಕಿಟಕಿ ತರುವುದು ಹೇಗೆ ಎಂದು ಒಂದು ದಿನ ಪೂರ್ತಿ ಕೂತು ಕಲಿಸಿದರು. ನಾವು ಸಿಂಧನೂರಿನ ಯಂತ್ರದ ಒಳಗೆ ಹೋದಾಗ ಅದು ನಮ್ಮ ಹೆಸರಿನಲ್ಲಿ ಒಂದು ಗುರುತಿನ ಚೀಟಿ ಬರೆದಿಡುತ್ತದೆ, ಆ ಚೀಟಿ ತೋರಿಸಿದ ಪ್ರೋಗ್ರಾಂ ಮಾತ್ರ ನಮ್ಮ ಪರದೆಗೆ ಬರಬಹುದು. ನಾನು ಅದಾದ ಮೇಲೆ ಒಂದು ದಿನವೂ ಬಾಗಿಲು ತೆರೆದಿಟ್ಟವಳಲ್ಲ. ಅದು ಅವರಿಗೆ ಚೆನ್ನಾಗಿ ಗೊತ್ತಿತ್ತು.

ಇನ್ನು ಆ ದಿನದ ಮಾತು.

ಉಪಕಾಲುವೆಗೆ ಹೊಲ ಹೋಗುವವರು ತಮ್ಮ ತಕರಾರು ಹೇಳಿಕೊಳ್ಳಲು ಅದು ಕೊನೆಯ ದಿನ. ಮಸ್ಕಿಯ ನಮ್ಮ ಕಚೇರಿಗೆ ಜನ ಬರಬೇಕು, ಪರದೆಯ ಮೇಲೆ ತಮ್ಮ ಹೊಲ ನೋಡಬೇಕು, ತಪ್ಪಿದ್ದರೆ ತೋರಿಸಬೇಕು. ನಾನು ಅಲ್ಲೇ ಗುರುತು ಹಾಕಿದರೆ ಪ್ರೋಗ್ರಾಂ ಒಂದು ನಂಬರು ಕೊಡುತ್ತದೆ, ಅಲ್ಲಿ ಕೂತ ಸರ್ಕಾರಿ ಅಧಿಕಾರಿ ಅದನ್ನು ಬರೆದುಕೊಳ್ಳುತ್ತಾರೆ. ನಂಬರು ಇಲ್ಲದಿದ್ದರೆ ತಕರಾರು ಇಲ್ಲವೆಂದೇ ಲೆಕ್ಕ. ಅಧಿಕಾರಿ ಮೂರು ಗಂಟೆಯವರೆಗೆ ಇರುವವರಿದ್ದರು.

ಬೆಳಿಗ್ಗೆ ಬಂದ ಎಲ್ಲರದೂ ಆಯಿತು. ಕೊನೆಗೆ ಉಳಿದವಳು ಸಂತೆಕಲ್ಲೂರಿನ ಅಮರಮ್ಮ. ಅರವತ್ತು ದಾಟಿದ ಹೆಂಗಸು, ಆಟೋದಲ್ಲಿ ಒಬ್ಬಳೇ ಬಂದಿದ್ದಳು. ನಕಾಶೆಯಲ್ಲಿ ಅವಳ ಹೊಲದ ಗೆರೆ ತಪ್ಪಾಗಿ ಬಿದ್ದು, ಅವಳ ಬಾವಿ ಕಾಲುವೆಗೆ ಹೋಗುವ ಪಟ್ಟಿಯೊಳಗೆ ಸೇರಿತ್ತು. ಊಟದ ಹೊತ್ತಿಗೆ ನಿಲ್ಲಿಸಿದ್ದ ಪ್ರೋಗ್ರಾಂ ಅನ್ನು ನಾನು ಒಂದೂವರೆಗೆ ಮತ್ತೆ ಶುರು ಮಾಡಿದೆ. ಕಿಟಕಿ ತೆರೆಯಲಿಲ್ಲ.

ಅವರಿಗೆ ಫೋನ್ ಮಾಡಿದೆ. ಕಲಿಸಿದ ಹಾಗೆಯೇ ಎಲ್ಲ ಓದಿದೆ. ಸಿಂಧನೂರಿನ ಯಂತ್ರದ ಒಳಗೆ ಹೋಗಲು ಆಗುತ್ತಿದೆ, ನೆಟ್‌ವರ್ಕ್ ಸರಿ ಇದೆ. ಆದರೆ ಡಿಸ್‌ಪ್ಲೇ ತೆರೆಯಲು ಆಗುತ್ತಿಲ್ಲ ಎಂಬ ಸಾಲಿಗಿಂತ ಮೊದಲು ಇನ್ನೊಂದು ಸಾಲು ಬಂದಿದೆ: ಗುರುತಿನ ಚೀಟಿಯ ಕಡತ ಬರೆಯಲು ಆಗುತ್ತಿಲ್ಲ. ಆ ಸಾಲನ್ನು ಅವರು ಎರಡು ಸಲ ಓದಿಸಿದರು. ಆಮೇಲೆ, ನೋಡುತ್ತೇನೆ, ನೀನು ಏನೂ ಮುಟ್ಟಬೇಡ ಎಂದಷ್ಟೇ ಹೇಳಿ ಇಟ್ಟರು.

ನಾನು ಮುಟ್ಟಲಿಲ್ಲ. ಎರಡಾಯಿತು, ಎರಡೂವರೆ ಆಯಿತು. ಅಮರಮ್ಮ ಸೆರಗು ಹೊದ್ದು ನನ್ನ ಪಕ್ಕದ ಕುರ್ಚಿಯಲ್ಲಿ ಕುಳಿತು ಕಪ್ಪು ಪರದೆಯನ್ನೇ ನೋಡುತ್ತಿದ್ದಳು. ಅವಳ ತಕರಾರನ್ನು ಕಾಗದದ ಮೇಲೆ ಬರೆದುಕೊಳ್ಳಿ ಎಂದು ಅಧಿಕಾರಿಯನ್ನು ಕೇಳಿಕೊಂಡೆ. ನಂಬರಿಲ್ಲದೆ ಬರೆಯಲು ಬರುವುದಿಲ್ಲ ಎಂದರು. ಮೂರಕ್ಕೆ ಎದ್ದು ಹೋದರು. ಮೂರೂ ನಲವತ್ತಕ್ಕೆ, ಈಗ ನೋಡು ಎಂದು ಅವರ ಫೋನು ಬಂತು, ಮತ್ತೆ ಶುರು ಮಾಡಿದರೆ ಕಿಟಕಿ ತೆರೆಯಿತು. ಆಗ ಅಮರಮ್ಮನ ಬಾವಿ ನನ್ನ ಮುಂದೆ ಸಣ್ಣ ನೀಲಿ ಚುಕ್ಕೆಯಾಗಿ ಕಾಣುತ್ತಿತ್ತು. ಅವಳು ಆಟೋ ಹಿಡಿದು ಹೋಗಿಯಾಗಿತ್ತು.

ಮರುದಿನ ನಮ್ಮ ಕಂಪನಿಯ ದೊಡ್ಡ ಸಾಹೇಬರು ಸಿಂಧನೂರಿಗೆ ಕರೆಸಿದರು. ನಮ್ಮ ಗುರುಗಳೂ ಅಲ್ಲಿದ್ದರು. ಸಾಹೇಬರು ಏನಾಯಿತು ಎಂದು ಕೇಳಿದಾಗ ಅವರು ನನ್ನ ಕಡೆ ನೋಡದೆ, ತಣ್ಣಗೆ, ಮೊದಲೇ ಬರೆದಿಟ್ಟುಕೊಂಡವರ ಹಾಗೆ ಹೇಳಿದರು.

“ಈಕಿ ಮತ್ತ ಬಾಗಿಲ ತೆರದಿಟ್ಟಿದ್ಲ್ರಿ. ಯಾರ್ಯಾರೋ ಒಳಗ ಬರೋ ಹಂಗ ಇತ್ತು. ಅದಕ್ಕ ನಾನ ಮಸ್ಕಿ ದಾರಿ ಬಂದ್ ಮಾಡಿದ್ದೆ.”

ಮೊದಲೊಮ್ಮೆ ಬೈಸಿಕೊಂಡದ್ದು ಎಲ್ಲರಿಗೂ ಗೊತ್ತಿದ್ದುದರಿಂದ ನಾನು ಇಲ್ಲ ಎಂದದ್ದನ್ನು ಯಾರೂ ನಂಬಲಿಲ್ಲ. ನನ್ನನ್ನು ಪರದೆಯ ಕೆಲಸದಿಂದ ತೆಗೆದು ಲಿಂಗಸುಗೂರಿನ ಹಳೆ ಕಾಗದದ ಕೋಣೆಗೆ ಹಾಕಿದರು. ಧೂಳು ಹಿಡಿದ ನಕಾಶೆ ಬಿಚ್ಚುವುದು, ನಂಬರು ಬರೆಯುವುದು, ಸುತ್ತಿಡುವುದು. ಅಲ್ಲಿಯವರು ನನಗೊಂದು ಹೆಸರಿಟ್ಟರು, ಬಾಗಿಲ ತೆರದಾಕಿ ಎಂದು. ಚಹದ ಅಂಗಡಿಯ ಮುಂದೆ ಗಂಡಸರು ಆ ಹೆಸರು ಹೇಳಿ ನಕ್ಕಾಗ ಅದರ ಅರ್ಥ ಯಂತ್ರದ ಬಾಗಿಲಾಗಿರಲಿಲ್ಲ. ಒಂದು ದಿನ ಬಸ್ಸಿನಲ್ಲಿ ನಮ್ಮಪ್ಪನ ಎದುರಿಗೇ ಒಬ್ಬ ಹಾಗೆ ಕರೆದ. ನಮ್ಮಪ್ಪ ಕಿವಿ ಕೇಳದವರ ಹಾಗೆ ಹೊರಗೆ ನೋಡುತ್ತ ಕುಳಿತರು. ಮನೆಗೆ ಬಂದ ಮೇಲೂ ಏನೂ ಕೇಳಲಿಲ್ಲ. ಇದನ್ನು ತೀರಿಸಿಕೊಳ್ಳದೆ ಬಿಡುವುದಿಲ್ಲ ಎಂದು ಅವತ್ತು ನಾನು ನಿರ್ಧರಿಸಿದೆ.

ನಿಜ ತಿಳಿದದ್ದು ಮೂರು ತಿಂಗಳ ಮೇಲೆ. ನೋಟ್‌ಬುಕ್ ತಿರುವಿ ಹಾಕುತ್ತಿದ್ದಾಗ ಆ ದಿನದ ಸಾಲು ಕಣ್ಣಿಗೆ ಬಿತ್ತು. ಕಡತ ಬರೆಯಲು ಆಗುತ್ತಿಲ್ಲ. ದಾರಿ ಬಂದ್ ಮಾಡಿದ್ದರೆ ನನಗೆ ಯಂತ್ರದ ಒಳಗೇ ಹೋಗಲು ಆಗುತ್ತಿರಲಿಲ್ಲ. ಒಳಗೆ ಹೋಗಿದ್ದೇನೆ, ಆದರೆ ಚೀಟಿ ಬರೆಯಲು ಯಂತ್ರಕ್ಕೆ ಆಗಿಲ್ಲ. ಬರೆಯಲು ಜಾಗವಿಲ್ಲದಿದ್ದರೆ ಹಾಗಾಗುತ್ತದೆ. ಸಿಂಧನೂರಿನ ಡಿಸ್ಕ್ ತುಂಬಿತ್ತು. ಯಾರು ತುಂಬಿದರು? ಅದಕ್ಕೂ ಹಿಂದಿನ ವಾರವೇ ಅವರ ಮಗಳ ಲಗ್ನವಾಗಿತ್ತು. ನಾವೆಲ್ಲ ಹೋಗಿ ಉಂಡು ಬಂದಿದ್ದೆವು. ವಿಡಿಯೋದವನು ಕೊಟ್ಟದ್ದನ್ನೆಲ್ಲ ಆಫೀಸಿನ ಯಂತ್ರದಲ್ಲಿ ಇಟ್ಟುಕೊಳ್ಳುತ್ತೇನೆ ಎಂದು ಅವರೇ ನನ್ನ ಮುಂದೆ ಅಂದಿದ್ದರು.

ಊಹೆಯನ್ನು ಬರೆಯಬಾರದು ಎಂದು ಕಲಿಸಿದವರು ಅವರೇ. ಅದಕ್ಕೆ ನಾನು ಬರೆಯಲಿಲ್ಲ, ಯಾರಿಗೂ ಹೇಳಲಿಲ್ಲ. ಕಾಗದದ ಕೋಣೆಯಲ್ಲಿ ಕೂತು ಓದಿದೆ. ಅವರಿಗೆ ಬರುವುದನ್ನೆಲ್ಲ ಕಲಿತೆ. ಅವರಿಗೆ ಬಾರದ್ದನ್ನೂ ಕಲಿತೆ. ಬಸ್ಸಿನಲ್ಲಿ, ಊಟದ ಹೊತ್ತಿನಲ್ಲಿ, ನಮ್ಮವ್ವ ರೊಟ್ಟಿ ಬಡಿಯುವ ಸದ್ದು ಕೇಳುತ್ತ ಅಡುಗೆಮನೆಯ ಹೊಸ್ತಿಲ ಮೇಲೆ ಕೂತು ಓದಿದೆ. ದ್ವೇಷ ಇಷ್ಟು ಚೆನ್ನಾಗಿ ಓದಿಸುತ್ತದೆ ಎಂದು ನನಗೆ ಗೊತ್ತಿರಲಿಲ್ಲ.

ಅವರ ನಿವೃತ್ತಿ ಹತ್ತಿರ ಬಂದಾಗ ಅವರ ಜಾಗಕ್ಕೆ ಯಾರನ್ನು ಹಾಕುವುದು ಎಂಬ ಮಾತು ಬಂತು. ಕಂಪನಿ ಒಂದು ಪರೀಕ್ಷೆ ಇಟ್ಟಿತು. ನಾನು ಮೊದಲು ಬಂದೆ. ಆಶ್ಚರ್ಯವೆಂದರೆ, ನನ್ನನ್ನೇ ಹಾಕಿ ಎಂದು ಸಾಹೇಬರಿಗೆ ಹೇಳಿದವರು ಅವರೇ ಅಂತೆ. ಅದು ಕೇಳಿ ನನ್ನ ಸಿಟ್ಟು ಹೆಚ್ಚಾಯಿತು. ಇಷ್ಟಕ್ಕೆ ಎಲ್ಲ ಚುಕ್ತಾ ಆಯಿತು ಎಂದುಕೊಂಡರೇ ಇವರು, ಅನಿಸಿತು.

ಸಿಂಧನೂರಿಗೆ ಹೋದ ಮೊದಲ ದಿನವೇ ಯಂತ್ರದ ಹಳೆಯ ದಾಖಲೆ ತೆರೆದೆ. ಆ ದಿನ ಒಂದು ಗಂಟೆ ಹತ್ತು ನಿಮಿಷಕ್ಕೆ ಡಿಸ್ಕ್ ತುಂಬಿದೆ ಎಂಬ ಸಾಲು. ಮೂರೂ ಮೂವತ್ತೆಂಟರವರೆಗೆ ಅದೇ ಸಾಲು ಮತ್ತೆ ಮತ್ತೆ. ಯಂತ್ರ ಆಗಾಗ ತಾನೇ ತೆಗೆದಿಡುವ ಪ್ರತಿಗಳ ಹಳೆಯ ಪಟ್ಟಿಯಲ್ಲಿ, ಅವರ ಹೆಸರಿನ ಕೆಳಗೆ, ಲಗ್ನ ಎಂಬ ಕಡತಗಳ ಸಾಲು. ಮಸ್ಕಿಯ ದಾರಿಯನ್ನು ಯಾರೂ ಬಂದ್ ಮಾಡಿರಲಿಲ್ಲ. ಎಲ್ಲವನ್ನೂ ಮುದ್ರಿಸಿ ನೋಟ್‌ಬುಕ್ಕಿನಲ್ಲಿ ಇಟ್ಟುಕೊಂಡೆ.

ಅದೇ ತಿಂಗಳು ದೊಡ್ಡ ಯಂತ್ರವನ್ನು ಬದಲಾಯಿಸಿದರು. ಹಳೆಯ ಪ್ರೋಗ್ರಾಂ ಹೊಸ ಯಂತ್ರದ ಮೇಲೂ ಓಡುವಂತೆ ಅವರೇ ಕೂಡಿಸಿದ್ದರು. ಅದು ಅವರ ಕೊನೆಯ ಕೆಲಸ. ಬರುವ ಶುಕ್ರವಾರ ಲಿಂಗಸುಗೂರಿನಲ್ಲಿ ಸಾಹೇಬರ ಮುಂದೆ ಕಿಟಕಿ ತೆರೆದು ತೋರಿಸಿ, ನನಗೆ ಒಪ್ಪಿಸಿ ಹೊರಡುವುದು ಎಂದಾಗಿತ್ತು. ಯಂತ್ರ ಕೂಡಿಸಲು ಬಂದವರು ಅದರಲ್ಲಿ ಎರಡು ಬಗೆಯ ನೆಟ್‌ವರ್ಕ್ ವಿಳಾಸಗಳ ಪೈಕಿ ಹೊಸ ಬಗೆಯದನ್ನು ಬಂದ್ ಮಾಡಿ ಹೋಗಿದ್ದರು. ಹಾಗೆ ಮಾಡಿದರೆ ಕಿಟಕಿಗೆ ಗುಟ್ಟಿನ ದಾರಿ ಕಟ್ಟುವ ಪ್ರೋಗ್ರಾಂ ಇಲ್ಲದ ವಿಳಾಸ ಹುಡುಕಿ, ಸಿಗದೆ, ಸದ್ದಿಲ್ಲದೆ ಕೈಬಿಡುತ್ತದೆ. ಹಳೆಯ ಬಗೆಯದನ್ನೇ ಬಳಸು ಎಂದು ಒಂದು ಸಾಲು ಬರೆದರೆ ಸಾಕು. ಸೋಮವಾರ ಬೇರೊಂದು ಯಂತ್ರದಲ್ಲಿ ಪ್ರಯತ್ನಿಸಿ ಇದನ್ನು ಕಂಡುಕೊಂಡೆ. ಶುಕ್ರವಾರ ಅವರ ಕಿಟಕಿ ತೆರೆಯುವುದಿಲ್ಲ ಎಂದು ಗೊತ್ತಾಯಿತು. ನಾನು ಏನನ್ನೂ ಕೆಡಿಸಿರಲಿಲ್ಲ. ಸುಮ್ಮನಿರುವುದಷ್ಟೇ ನನ್ನ ಕೆಲಸವಾಗಿತ್ತು. ನಾಲ್ಕು ದಿನ ಸುಮ್ಮನಿದ್ದೆ. ಅವರ ಜೊತೆ ಕೂತು ಚಹ ಕುಡಿದೆ.

ಶುಕ್ರವಾರ ಹತ್ತೂವರೆಗೆ ಸಾಹೇಬರು, ಲಿಂಗಸುಗೂರಿನ ಎಲ್ಲ ಸಿಬ್ಬಂದಿ ಸೇರಿದರು. ಮೇಜಿನ ಮೇಲೆ ಹಾರ, ಶಾಲು ಇದ್ದವು. ಗುರುಗಳು ಕುಳಿತು ಆಜ್ಞೆ ಕೊಟ್ಟರು. ಡಿಸ್‌ಪ್ಲೇ ತೆರೆಯಲು ಆಗುತ್ತಿಲ್ಲ. ನಕ್ಕು ಮತ್ತೆ ಕೊಟ್ಟರು. ಡಿಸ್ಕ್ ನೋಡಿದರು, ಚೀಟಿ ನೋಡಿದರು, ಹೆಸರು ನೋಡಿದರು. ಅವರ ಮೂರು ಪ್ರಶ್ನೆಗಳನ್ನು ತುಟಿಯಲ್ಲೇ ತಮಗೆ ತಾವು ಕೇಳಿಕೊಳ್ಳುವುದು ಹಿಂದೆ ನಿಂತ ನನಗೆ ಕೇಳಿಸುತ್ತಿತ್ತು. ಹನ್ನೊಂದೂವರೆಗೆ ಕಾಲರಿನ ಕರವಸ್ತ್ರ ತೆಗೆದು ಕತ್ತು ಒರೆಸಿಕೊಂಡರು. ಹನ್ನೆರಡಕ್ಕೆ ಸಾಹೇಬರು ಗಡಿಯಾರ ನೋಡಿಕೊಂಡರು. ಯಾರೋ ಹಿಂದೆ ಪಿಸುಗುಟ್ಟಿ ನಕ್ಕರು. ನನಗೆ ಗುರುತಿದ್ದ ನಗು ಅದು. ಈ ಸಲ ನನಗಾಗಿ ಅಲ್ಲ. ಎದೆಯೊಳಗೆ ಏನೋ ಸಿಹಿಯಾಗಿ ಕರಗಿತು. ಅದನ್ನು ಮುಚ್ಚಿಡುವುದಿಲ್ಲ.

ಆಗ ಅವರು ಕನ್ನಡಕ ತೆಗೆದು ಕೀಬೋರ್ಡಿನ ಮೇಲೆ ಇಟ್ಟರು. ಆದರೆ ಕಣ್ಣು ಮುಚ್ಚಲಿಲ್ಲ. ತಿರುಗಿ ನನ್ನನ್ನು ನೋಡಿದರು.

“ನಿನಗ ಗೊತ್ತೈತಿ,” ಎಂದರು.

“ಗೊತ್ತೈತ್ರಿ ಸರ್.”

“ಯಾವಾಗಿಂದ?”

“ಸೋಮವಾರದಿಂದ್ರಿ.”

ಅವರು ತಲೆಯಾಡಿಸಿದರು. ಹೇಳು ಎಂದರು. ನಾನು ನೋಟ್‌ಬುಕ್ ತೆರೆದು ಆ ದಿನದ ಪುಟವನ್ನೂ ಮುದ್ರಿಸಿದ ಹಾಳೆಗಳನ್ನೂ ಅವರ ಮುಂದಿಟ್ಟೆ.

“ಮೊದಲ ನೀವು ಹೇಳ್ರಿ. ಮಸ್ಕ್ಯಾಗ ಅವತ್ತು ಬಾಗಿಲ ಯಾರು ತೆರದಿದ್ರು?”

ಏನಿದು ಎಂದು ಸಾಹೇಬರು ಕೇಳಿದರು. ಗುರುಗಳು ಬೇಕಾದರೆ ಜಾರಿಕೊಳ್ಳಬಹುದಿತ್ತು. ಅಲ್ಲಿದ್ದ ಯಾರಿಗೂ ಆ ಹಾಳೆಗಳನ್ನು ಓದಲು ಬರುತ್ತಿರಲಿಲ್ಲ. ಅವರು ಒಂದೊಂದೇ ಹಾಳೆಯನ್ನು ನೋಡಿ, ಅಂಚು ಸರಿಮಾಡಿ ಜೋಡಿಸಿಟ್ಟು ಎದ್ದು ನಿಂತರು.

“ಯಾರೂ ತೆರದಿದ್ದಿಲ್ರಿ. ಡಿಸ್ಕ್ ತುಂಬಿತ್ತು. ತುಂಬಿದಾಂವ ನಾನು, ನನ್ನ ಮಗಳ ಲಗ್ನದ ವಿಡಿಯೋ ಹಾಕಿ. ಈಕಿ ಫೋನಿನ್ಯಾಗ ಸಾಲು ಓದಿದ ಕೂಡ್ಲೆ ನನಗ ತಿಳೀತು. ಗಾಬರಿ ಆತು, ಈಕಿ ಮ್ಯಾಲ ಹಾಕಿದೆ.”

ಬರೆದು ಕೊಡಿ ಎಂದೆ. ಅಲ್ಲಿಯೇ ಕೂತು ಬರೆದರು, ಒಂದೂವರೆ ಪುಟ. ಅವರು ಸಹಿ ಹಾಕಿದ ಮೇಲೆ ನಾನು ಕೀಬೋರ್ಡ್ ಎಳೆದುಕೊಂಡು ಒಂದು ಸಾಲು ಸೇರಿಸಿದೆ. ಕಿಟಕಿ ತೆರೆಯಿತು. ಹಾರ ಹಾಕಬೇಕೋ ಬೇಡವೋ ತಿಳಿಯದೆ ಎಲ್ಲರೂ ನಿಂತಿದ್ದರು. ಕೊನೆಗೆ ಸಾಹೇಬರು ಶಾಲನ್ನು ಹೊದಿಸದೆ ಅವರ ಕೈಗೆ ಕೊಟ್ಟರು. ಅವರು ಅದನ್ನು ಚೀಲದಲ್ಲಿ ಹಾಕಿಕೊಂಡು ಸಿಂಧನೂರಿನ ಬಸ್ಸು ಹತ್ತಿದರು. ನಾನು ಬಸ್‌ಸ್ಟ್ಯಾಂಡಿನ ಎದುರಿಗೆ ಒಂದು ತಟ್ಟೆ ಮಂಡಕ್ಕಿ ಒಗ್ಗರಣೆ, ನಾಲ್ಕು ಮಿರ್ಚಿ ತಿಂದೆ. ಅಷ್ಟು ರುಚಿಯಾಗಿ ನಾನು ಯಾವತ್ತೂ ತಿಂದಿರಲಿಲ್ಲ.

ಆ ಒಂದೂವರೆ ಪುಟವನ್ನು ಆಮೇಲೆ ಎಷ್ಟೋ ಸಲ ಓದಿದ್ದೇನೆ. ಯಾವ ನಿಮಿಷಕ್ಕೆ ಏನಾಯಿತು, ಯಾವ ಸಾಲು ಯಾಕೆ ಬಂತು, ಅಮರಮ್ಮ ಎಂಬ ರೈತ ಮಹಿಳೆಗೆ ಅದರಿಂದ ಆದ ನಷ್ಟ ಏನು, ಎಲ್ಲ ಇದೆ. ಒಂದು ನೆಪವಿಲ್ಲ, ಕ್ಷಮೆಯ ಮಾತೂ ಇಲ್ಲ. ದೋಷವನ್ನು ಹೀಗೆ ಬರೆಯಬೇಕು ಎಂದು ನಾನು ಈಗ ಹೊಸಬರಿಗೆ ಅದನ್ನೇ ತೋರಿಸುತ್ತೇನೆ.

ಅದನ್ನು ಲಗತ್ತಿಸಿ ಅರ್ಜಿ ಹಾಕಿದ್ದರಿಂದ ಅಮರಮ್ಮನ ತಕರಾರನ್ನು ಮತ್ತೆ ತೆಗೆದುಕೊಂಡರು. ಕಾಲುವೆ ಕೆಲಸ ಆ ಕಡೆ ಇನ್ನೂ ಬಂದಿರಲಿಲ್ಲ, ಗುರುತಿನ ಕಲ್ಲು ಮಾತ್ರ ನೆಟ್ಟಿದ್ದರು. ನಾಲ್ಕು ತಿಂಗಳಲ್ಲಿ ಕಲ್ಲು ಕಿತ್ತು, ಬಾವಿಯ ಆಚೆ ನೆಟ್ಟರು. ಆದೇಶದ ಪ್ರತಿ ಹಿಡಿದು ನಾನೇ ಸಂತೆಕಲ್ಲೂರಿಗೆ ಹೋದೆ. ಅವಳಿಗೆ ಓದಲು ಬಾರದು. ಆದೇಶ ಓದಿದೆ. ಅದರ ಹಿಂದೆ ಸೇರಿಸಿದ್ದ ಕಾಗದವನ್ನೂ ಓದು ಎಂದಳು, ಅವರು ಬರೆದುಕೊಟ್ಟ ಆ ಒಂದೂವರೆ ಪುಟವನ್ನೂ ಓದಿದೆ. ಅವಳು ಬಾವಿಯ ಕಟ್ಟೆಯ ಮೇಲೆ ಕೈಯಾಡಿಸಿದಳು.

“ತನ್ನ ತಪ್ಪು ತಾನ ಬರದು ಕೊಟ್ಟಾನಲ್ಲವ್ವಾ, ಇಂಥಾವ ಎಲ್ಲಿ ಸಿಗ್ತಾನ. ನನ್ನ ಹೊಟ್ಟಿ ತಣ್ಣಗಾತು ಅಂತ ಹೇಳು ಅವಗ. ನೂರು ವರ್ಷ ಬಾಳು ಅಂದ್ಲು ಅಂತ ಹೇಳು.”

ಅವನಿಗೆ ಕೊಡು ಎಂದು ತನ್ನ ಮರದ ಹುಣಸೆಹಣ್ಣನ್ನು ಒಂದು ಬಟ್ಟೆಯಲ್ಲಿ ಗಂಟು ಕಟ್ಟಿ ಕೊಟ್ಟಳು. ನನಗೆ ನೀರು ಕೊಟ್ಟಳು, ಅಷ್ಟೇ. ಎರಡು ವರ್ಷ ಏಳು ತಿಂಗಳು ಕಾದವಳು ನಾನು. ಅದನ್ನು ಅವಳಿಗೆ ಹೇಳಲು ಬಾಯಿ ಬರಲಿಲ್ಲ. ಹುಣಸೆಹಣ್ಣನ್ನು ಮಸ್ಕಿಗೆ ಒಯ್ದು ನಮ್ಮವ್ವನ ಕೈಗೆ ಕೊಟ್ಟೆ. ಅದು ಸಾರಿಗೆ ಹೋಯಿತು.

ಎರಡು ವಾರದ ಮೇಲೆ ಅವರು ಫೋನ್ ಮಾಡಿದರು. ನಿವೃತ್ತಿಯ ನಂತರ ಅದೊಂದೇ ಸಲ. ಹೊಸ ಯಂತ್ರ ಹೇಗಿದೆ ಎಂದು ಕೇಳಿದರು. ಆ ಹೆಣ್ಣುಮಗಳ ಬಾವಿ ಏನಾಯಿತು ಎಂದರು. ಉಳಿಯಿತು ಎಂದೆ. ಆಮೇಲೆ ಕೇಳಿದರು.

“ಆಕಿ ಏನರ ಅಂದ್ಲೇನು?”

“ಏನೂ ಇಲ್ರಿ,” ಎಂದೆ.

ಅವರು ಹೋದ ಸುದ್ದಿ ಬಂದ ಮೂರನೆಯ ದಿನ ಸಿಂಧನೂರಿನ ಅವರ ಮನೆಗೆ ಹೋಗಿದ್ದೆ. ಹೋಗದಿದ್ದರೆ ಚೆನ್ನಾಗಿರುವುದಿಲ್ಲ ಎಂದು ಹೋದೆ. ಅವರ ಹೆಂಡತಿ ಒಳಗೆ ಕರೆದು ಕೂಡಿಸಿದರು, ಚಹ ಕೊಟ್ಟರು. ಕೊನೆಕೊನೆಗೆ ಅವರು ಸಂತೆಕಲ್ಲೂರಿನ ಹೆಂಗಸಿನ ಮಾತೇ ಆಡುತ್ತಿದ್ದರು ಎಂದರು. ಆಕೆ ಶಾಪ ಹಾಕಿರಬೇಕು, ಹಾಕಿದರೂ ತಪ್ಪಲ್ಲ ಎನ್ನುತ್ತಿದ್ದರಂತೆ. ಒಮ್ಮೆ ಹೋಗಿ ನೋಡಿಬರುತ್ತೇನೆ ಎಂದು ಎರಡು ಸಲ ಅಂಗಿ ಹಾಕಿಕೊಂಡು ಬಸ್‌ಸ್ಟ್ಯಾಂಡಿನವರೆಗೆ ಹೋಗಿ ತಿರುಗಿ ಬಂದಿದ್ದರಂತೆ.

“ನೀ ಆಕಿನ್ನ ಕಂಡಾಕಿ ಅಲ್ಲೇನವ್ವಾ,” ಎಂದು ಆ ತಾಯಿ ನನ್ನ ಕೈ ಹಿಡಿದು ಕೇಳಿದರು. “ಆಕಿ ಬಾಯಾಗ ಒಂದು ಒಳ್ಳೆ ಮಾತು ಬಂದಿತ್ತೇನು?”

ನಾನು ಚಹದ ಲೋಟವನ್ನು ಕೆಳಗಿಟ್ಟೆ. ಅವರ ಕೈ ಬೆಚ್ಚಗಿತ್ತು, ನನ್ನ ಮುಖವನ್ನೇ ನೋಡುತ್ತಿದ್ದರು. ಹೇಳಲು ಒಂದು ನಿಮಿಷವೂ ಬೇಕಿರಲಿಲ್ಲ.

ಇಲ್ಲ ಎಂದೆ. ಕೈ ಬಿಡಿಸಿಕೊಂಡು ಹೊರಗೆ ಬಂದು ಮಸ್ಕಿಯ ಬಸ್ಸಿಗೆ ನಿಂತೆ.